ಹತ್ತು ಲೀಟರಿನ ಪೆಟ್ಟಿಗೆ, ಮುನ್ನೂರು ವ್ಯಾಟಿನ ಬೇಗೆ

ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ ಬೆಂಗಳೂರಿನ ಎಸ್. ಪಿ. ರಸ್ತೆಯನ್ನು ಒಮ್ಮೆಯಾದರೂ ಹಾದುಹೋದವರಿಗೆ ಈ ನೋಟ ಹೊಸದಲ್ಲ. ಕಂಪ್ಯೂಟರಿನ ಬಿಡಿಭಾಗಗಳನ್ನು ಮಾರುವ ಇಕ್ಕಟ್ಟಾದ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಹದಿನೆಂಟು ಹತ್ತೊಂಬತ್ತರ ತರುಣ. ಅವನ ಹಿಂದೆ ಅರ್ಧ ಹೆಜ್ಜೆ ದೂರದಲ್ಲಿ, ಕೈಚೀಲವನ್ನು ಎದೆಗೊತ್ತಿಕೊಂಡು ನಿಂತ ತಂದೆ. ಮಗನ ಕೈಯಲ್ಲಿ ಒಂದು ಪಟ್ಟಿ. ತಂದೆಯ ಮನಸ್ಸಿನಲ್ಲಿ ಒಂದು ಮೊತ್ತ. ಅವೆರಡೂ ಇನ್ನೂ ಒಂದನ್ನೊಂದು ಸಂಧಿಸಿಲ್ಲ.

“ಇಷ್ಟು ಪುಟ್ಟ ಡಬ್ಬಿಗೆ ಅಷ್ಟೊಂದು ದುಡ್ಡೇನೋ?” ಎನ್ನುತ್ತಾರೆ ತಂದೆ, ಗಾಜಿನ ಕಪಾಟಿನೊಳಗಿನ ಪೆಟ್ಟಿಗೆಯೊಂದನ್ನು ನೋಡಿ.

“ಪುಟ್ಟದಾಗಿರೋದಕ್ಕೇ ದುಡ್ಡು, ಅಪ್ಪಾ.”

ಮಗ ಹೇಳಿದ್ದು ನಿಜ. ಆದರೆ ಅರ್ಧ ಮಾತ್ರ ನಿಜ. ಪುಟ್ಟದಾಗಿರುವುದರ ಬೆಲೆ ಅಂಗಡಿಯ ಬಿಲ್ಲಿನಲ್ಲಿಯೇ ತೀರುವುದಿಲ್ಲ. ಉಳಿದರ್ಧ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಆಟ ರಂಗೇರಿದ ಹೊತ್ತಿನಲ್ಲಿ, ಬಿಸಿಯ ರೂಪದಲ್ಲಿ ವಸೂಲಾಗುತ್ತದೆ.

ಆಟವಾಡಲೆಂದು ಕಟ್ಟುವ ಕಂಪ್ಯೂಟರೆಂದರೆ ಮೇಜಿನ ಕೆಳಗೆ ನಿಲ್ಲುವ, ಮೊಳದುದ್ದದ ಗೋಪುರವೆಂಬುದು ಬಹುಕಾಲದ ರೂಢಿ. ಅಂಗಡಿಯವರು ‘ಕ್ಯಾಬಿನೆಟ್’ ಎಂದು ಕರೆಯುವ ಈ ಪೆಟ್ಟಿಗೆಗಳನ್ನು ಹವ್ಯಾಸಿಗಳು ಹಾಲು ಎಣ್ಣೆಗಳಂತೆ ಲೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯ ಗೋಪುರ ೪೦ರಿಂದ ೫೦ ಲೀಟರು. ಇಪ್ಪತ್ತರೊಳಗಿನದು ಚಿಕ್ಕದು, ಹತ್ತರ ಆಸುಪಾಸಿನದು ತೀರ ಚಿಕ್ಕದು. ಎರಡು ಕೋಣೆಯ ಮನೆಯಲ್ಲಿ, ತಂಗಿಯ ಪಠ್ಯಪುಸ್ತಕಗಳೂ ಅಮ್ಮನ ಹೊಲಿಗೆಯ ಪೆಟ್ಟಿಗೆಯೂ ಹಂಚಿಕೊಂಡ ಮೇಜಿನ ಮೇಲೆ ಗೋಪುರಕ್ಕೆ ಜಾಗವೆಲ್ಲಿ? ಹುಬ್ಬಳ್ಳಿಯಿಂದ ಬೆಂಗಳೂರಿನ ಹಾಸ್ಟೆಲಿಗೆ ರಾತ್ರಿಯ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ಅದನ್ನು ಹೊತ್ತು ತರುವುದಾದರೂ ಹೇಗೆ? ಚಿಕ್ಕ ಪೆಟ್ಟಿಗೆಯ ಆಸೆ ಕೇವಲ ಶೋಕಿಯಲ್ಲ.

ಇದರ ಮೂಲ ೨೦೦೧ರಷ್ಟು ಹಿಂದಿನದು. ಆ ವರ್ಷ ತೈವಾನಿನ ವಿಯಾ ಸಂಸ್ಥೆ ೧೭ ಸೆಂಟಿಮೀಟರು ಉದ್ದ, ಅಷ್ಟೇ ಅಗಲದ ಮದರ್‌ಬೋರ್ಡಿನ ಅಳತೆಯೊಂದನ್ನು ರೂಪಿಸಿ ‘ಮಿನಿ-ಐಟಿಎಕ್ಸ್’ ಎಂದು ಹೆಸರಿಟ್ಟಿತು. ಕಡಮೆ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ನಡೆಯುವ ಸಾಧು ಯಂತ್ರಗಳಿಗಾಗಿ ಹುಟ್ಟಿದ ಅಳತೆ ಅದು. ಆಟದ ಹುಚ್ಚಿನವರ ಕಣ್ಣಿಗೆ ಬಿದ್ದ ಮೇಲೆ ಅದರ ಸಾಧುತ್ವ ಉಳಿಯಲಿಲ್ಲ. ಹವ್ಯಾಸಿಗಳೇ ನಕ್ಷೆ ಬರೆದು, ಜನರಿಂದ ಮುಂಗಡ ಹಣ ಕೂಡಿಸಿ ಪೆಟ್ಟಿಗೆಗಳನ್ನು ಮಾಡಿಸತೊಡಗಿದರು. ೨೦೧೩ರಲ್ಲಿ ಬಂದ ‘ಎನ್‌ಕೇಸ್ ಎಂ೧’ ಸುಮಾರು ಹನ್ನೆರಡೂವರೆ ಲೀಟರಿನದು. ಅನಂತರ ಜರ್ಮನಿಯಲ್ಲಿ ರೂಪುಗೊಂಡ ‘ಡ್ಯಾನ್ ಎ೪’ ಏಳು ಲೀಟರಿನ ಆಸುಪಾಸಿಗೆ ಇಳಿಯಿತು. ಇಷ್ಟಾದ ಮೇಲೆ ದೊಡ್ಡ ಸಂಸ್ಥೆಗಳು ಸುಮ್ಮನಿದ್ದಾವೆಯೆ?

ಗೋಪುರ ಕಟ್ಟುವವನು ಮೊದಲು ಪ್ರೊಸೆಸರನ್ನು, ಅನಂತರ ಗ್ರಾಫಿಕ್ಸ್ ಕಾರ್ಡನ್ನು ಆರಿಸುತ್ತಾನೆ. ಕಟ್ಟಕಡೆಗೆ, ಉಳಿದ ದುಡ್ಡಿನಲ್ಲಿ, ಯಾವುದೋ ಒಂದು ಕ್ಯಾಬಿನೆಟ್ಟು. ಚಿಕ್ಕ ಯಂತ್ರದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ಕ್ಯಾಬಿನೆಟ್ಟು ಮೊದಲು. ಅದರೊಳಗೆ ಎಷ್ಟು ಬಿಸಿಯನ್ನು ಸಾಕಬಹುದೆಂಬ ಲೆಕ್ಕ ಆಮೇಲೆ. ಉಳಿದ ಭಾಗಗಳೆಲ್ಲ ಆ ಲೆಕ್ಕಕ್ಕೆ ತಲೆಬಾಗಿ ಬರಬೇಕು. ಎಸ್. ಪಿ. ರಸ್ತೆಗೆ ಬರುವ ಪಟ್ಟಿಗಳಲ್ಲಿ ಅನೇಕವು ಕೆಡುವುದು ಇಲ್ಲಿಯೇ. ಗೋಪುರಕ್ಕೆಂದು ಬರೆದ ಪಟ್ಟಿಯ ಕೊನೆಯ ಸಾಲನ್ನಷ್ಟೆ ಅಳಿಸಿ, ಅಲ್ಲಿ ಪುಟ್ಟ ಪೆಟ್ಟಿಗೆಯ ಹೆಸರನ್ನು ಬರೆದಿರುತ್ತಾರೆ.

ಬಿಸಿಯ ಲೆಕ್ಕ ಕಷ್ಟದ್ದೇನಲ್ಲ. ಕಂಪ್ಯೂಟರು ಸೇವಿಸುವ ವಿದ್ಯುತ್ತು ಹೆಚ್ಚುಕಡಮೆ ಪೂರ್ತಿಯಾಗಿ ಉಷ್ಣವಾಗಿಯೇ ಹೊರಬರುತ್ತದೆ. ಮಿಕ್ಸಿ ಕಾಯಿ ರುಬ್ಬುತ್ತದೆ, ಪಂಪು ನೀರೆತ್ತುತ್ತದೆ. ಕಂಪ್ಯೂಟರು ಮಾಡುವುದು ಬರಿಯ ಲೆಕ್ಕ, ಲೆಕ್ಕಕ್ಕೆ ತೂಕವಿಲ್ಲ. ಸಾಧಾರಣ ಬಲದ ಒಂದು ಆಟದ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ೨೦೦ ವ್ಯಾಟು, ಪ್ರೊಸೆಸರಿಗೆ ಅರವತ್ತು ಎಪ್ಪತ್ತು, ಉಳಿದುದಕ್ಕೆಲ್ಲ ಮೂವತ್ತು ನಲವತ್ತು ಎಂದು ಹಿಡಿದರೆ ಸುಮಾರು ೩೦೦ ವ್ಯಾಟಾಯಿತು. ಅರವತ್ತು ವ್ಯಾಟಿನ ಐದು ಹಳೆಯ ತಂತಿಬಲ್ಬುಗಳನ್ನು ಅಕ್ಕಿಯ ಡಬ್ಬಿಯೊಂದರಲ್ಲಿ ಹೊತ್ತಿಸಿ ಮುಚ್ಚಳ ಹಾಕಿದರೆ ಏನಾದೀತೋ ಅದೇ ಇಲ್ಲಿಯ ಸಮಸ್ಯೆ.

ಆ ಬಿಸಿಯನ್ನು ಹೊರಗೆ ಸಾಗಿಸುವ ವಾಹನ ಗಾಳಿಯೊಂದೇ. ಒಂದು ಲೀಟರು ಗಾಳಿಯ ಶಾಖ ಒಂದು ಡಿಗ್ರಿ ಏರಲು ಸುಮಾರು ೧.೨ ಜೂಲ್ ಶಕ್ತಿ ಸಾಕು. ಮುನ್ನೂರು ವ್ಯಾಟೆಂದರೆ ಸೆಕೆಂಡಿಗೆ ೩೦೦ ಜೂಲ್. ಒಳಹೊಕ್ಕ ಗಾಳಿ ಹತ್ತು ಡಿಗ್ರಿಯಷ್ಟೆ ಬಿಸಿಯಾಗಿ ಹೊರಬರಲಿ ಎಂದು ಬಯಸಿದರೆ ಸೆಕೆಂಡಿಗೆ ೨೫ ಲೀಟರು ಗಾಳಿ ಹರಿಯಬೇಕು. ಐವತ್ತು ಲೀಟರಿನ ಗೋಪುರದಲ್ಲಿ ಎರಡು ಸೆಕೆಂಡಿಗೊಮ್ಮೆ ಗಾಳಿ ಬದಲಾದರೆ ಇಷ್ಟಾಗುತ್ತದೆ. ಹತ್ತು ಲೀಟರಿನ ಪೆಟ್ಟಿಗೆಯಲ್ಲಾದರೋ ಒಂದೇ ಸೆಕೆಂಡಿನಲ್ಲಿ ಎರಡೂವರೆ ಸಲ ಹಳೆಯ ಗಾಳಿ ಹೋಗಿ ಹೊಸ ಗಾಳಿ ಬರಬೇಕು. ಪೆಟ್ಟಿಗೆ ಕುಗ್ಗಿದರೂ ಆ ಇಪ್ಪತ್ತೈದು ಲೀಟರು ಕುಗ್ಗುವುದಿಲ್ಲ. ಅಷ್ಟೂ ಗಾಳಿ ತಂತಿಗಳ ನಡುವೆ, ತಗಡುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಹೋಗಬೇಕು.

ಇದನ್ನೆಲ್ಲ ಒಂದು ನಿಜವಾದ ಪೆಟ್ಟಿಗೆಯಲ್ಲಿಯೇ ನೋಡುವುದು ಲೇಸು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದ ಫ್ರ್ಯಾಕ್ಟಲ್ ಡಿಸೈನ್ ಸಂಸ್ಥೆ ೨೦೨೩ರಲ್ಲಿ ‘ಟೆರಾ’ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಗಾತ್ರ ೧೦.೪ ಲೀಟರು. ಪಕ್ಕಗಳಿಗೆ ಅಲ್ಯೂಮಿನಿಯಮ್ ತಗಡು, ಮುಂಭಾಗದಲ್ಲಿ ಅಕ್ರೋಟು ಮರದ ಒಂದು ಪಟ್ಟಿ. ಹಳೆಯ ಕಾಲದ ರೇಡಿಯೋದ ನೆನಪು ತರುವ ಈ ಅಂದಕ್ಕೆ ಮಾರುಹೋಗುವವರು ಬಹಳ. ಆದರೆ ಅದರ ಜಾಣ್ಮೆ ಇರುವುದು ಒಳಗಿನ ನಡುಗೋಡೆಯಲ್ಲಿ.

ಗೋಡೆಯ ಒಂದು ಪಕ್ಕ ಮದರ್‌ಬೋರ್ಡು. ಅದರ ಮೇಲೆ ಪ್ರೊಸೆಸರು, ಪ್ರೊಸೆಸರಿನ ಮೇಲೆ ಅದನ್ನು ತಣಿಸುವ ಕೂಲರು. ಇನ್ನೊಂದು ಪಕ್ಕ ಗ್ರಾಫಿಕ್ಸ್ ಕಾರ್ಡು. ಇಬ್ಬರೂ ಬೆನ್ನಿಗೆ ಬೆನ್ನು ತಿರುಗಿಸಿ ಕುಳಿತಿರುತ್ತಾರೆ. ‘ರೈಸರ್’ ಎಂಬ ಚಪ್ಪಟೆಯ ಕೇಬಲ್ಲಿನ ಮೂಲಕ ಮಾತು. ಈ ನಡುಗೋಡೆಯನ್ನು ಆಚೀಚೆ ಸರಿಸಬಹುದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಳೆಯ ಮನೆಯ ಹಾಗೆ, ಒಬ್ಬನಿಗೆ ಅಂಗುಲ ಹೆಚ್ಚಾದರೆ ಇನ್ನೊಬ್ಬನಿಗೆ ಅಂಗುಲ ಕಡಮೆ. ಕಾರ್ಡಿನ ಪಾಲು ೪೩ರಿಂದ ೭೨ ಮಿಲಿಮೀಟರು. ಕೂಲರಿನ ಪಾಲು ೭೭ರಿಂದ ೪೮. ಹೇಗೆ ಕೂಡಿಸಿದರೂ ಮೊತ್ತ ೧೨೦. ಕಾರ್ಡಿನ ಉದ್ದ ೩೨೨ ಮಿಲಿಮೀಟರನ್ನು ಮೀರುವಂತಿಲ್ಲ.

ಇನ್ನು ಪಟ್ಟಿಯನ್ನು ಬರೆಯಬಹುದು. ೪೦ ಮಿಲಿಮೀಟರು ದಪ್ಪದ ಕಾರ್ಡನ್ನು ಆರಿಸಿದವನಿಗೆ ಪ್ರೊಸೆಸರಿನ ಮೇಲೆ ೭೦ ಮಿಲಿಮೀಟರಿನ, ೧೨೦ ಮಿಲಿಮೀಟರಿನ ಫ್ಯಾನುಳ್ಳ ಒಳ್ಳೆಯ ಕೂಲರಿಗೆ ಎಡೆಯುಂಟು. ಅರವತ್ತಕ್ಕೂ ದಪ್ಪದ ಮೂರು ಫ್ಯಾನಿನ ಕಾರ್ಡಿಗೆ ಆಸೆಪಟ್ಟವನು ಐವತ್ತರ ಆಸುಪಾಸಿನ ಕೂಲರಿಗೆ ಇಳಿಯಬೇಕು. ಇಳಿದ ಮೇಲೆ ಪ್ರೊಸೆಸರೂ ಮಿತಾಹಾರಿಯಾಗಿರಬೇಕು. ಒಂದು ಭಾಗದ ಆಯ್ಕೆ ಉಳಿದ ಎಲ್ಲವನ್ನೂ ಎಳೆದುಕೊಂಡು ಬರುವುದೆಂದರೆ ಇದೇ.

ಮಿತಾಹಾರಿ ಪ್ರೊಸೆಸರುಗಳೂ ಉಂಟು. ಎಎಂಡಿ ಸಂಸ್ಥೆ ೨೦೨೩ರಲ್ಲಿ ತಂದ ರೈಸನ್ ೭೮೦೦ಎಕ್ಸ್೩ಡಿ ಚಿಕ್ಕ ಪೆಟ್ಟಿಗೆಯವರ ಪ್ರೀತಿಗೆ ಪಾತ್ರವಾದದ್ದು ಈ ಕಾರಣದಿಂದ. ಕಾಗದದ ಮೇಲೆ ಅದು ೧೨೦ ವ್ಯಾಟಿನದು. ಆದರೆ ೯೬ ಮೆಗಾಬೈಟಿನ ಉಗ್ರಾಣವೊಂದನ್ನು ತನ್ನ ಬಳಿಯೇ ಇರಿಸಿಕೊಂಡಿರುವುದರಿಂದ, ಪ್ರತಿಯೊಂದಕ್ಕೂ ದೂರದ ಮೆಮೊರಿಗೆ ಓಡುವ ಆಯಾಸ ತಪ್ಪಿ, ಆಟದ ಹೊತ್ತಿನಲ್ಲಿ ಆ ಮಿತಿಗಿಂತ ಬಹಳ ಕೆಳಗೇ ಉಳಿಯುತ್ತದೆ. ಅದೇ ವರ್ಷ ಬಂದ ಇಂಟೆಲ್ಲಿನ ಕೋರ್ ಐ೯-೧೪೯೦೦ಕೆ ಪ್ರೊಸೆಸರಿನ ಗರಿಷ್ಠ ಹಸಿವು ೨೫೩ ವ್ಯಾಟು. ಬಲದಲ್ಲಿ ಅದು ಕಡಮೆಯದೇನಲ್ಲ. ಹತ್ತು ಲೀಟರಿನ ಮನೆಗೆ ಮಾತ್ರ ತಕ್ಕ ಅತಿಥಿಯಲ್ಲ. ಕಾರ್ಡುಗಳಲ್ಲಿಯೂ ಹೀಗೆಯೇ. ಎನ್‌ವಿಡಿಯಾದ ಆರ್‌ಟಿಎಕ್ಸ್ ೪೦೭೦ ಇನ್ನೂರು ವ್ಯಾಟಿನದಾದರೆ ಅದೇ ಪೀಳಿಗೆಯ ೪೦೯೦ ನಾನೂರೈವತ್ತು ವ್ಯಾಟಿನದು. ಹೊಸದೆಲ್ಲ ತಂಪಾಗಿರುತ್ತದೆಂಬ ನಂಬಿಕೆಯೂ ಬೇಡ: ೨೦೨೫ರ ೫೦೭೦ ಇನ್ನೂರೈವತ್ತಕ್ಕೆ ಏರಿತು.

ತಣಿಸುವ ಕೂಲರಿನೊಳಗೆ ನಡೆಯುವುದೇನೆಂಬುದು ಇಡ್ಲಿ ಬೇಯಿಸುವ ಮನೆಯವರಿಗೆ ಸುಲಭವಾಗಿ ತಿಳಿದೀತು. ಪಾತ್ರೆಯ ತಳದಲ್ಲಿ ನೀರು ಆವಿಯಾಗುತ್ತದೆ. ಆವಿ ಮೇಲೇರಿ, ಮುಚ್ಚಳಕ್ಕೆ ತಾಗಿ, ತನ್ನ ಬಿಸಿಯನ್ನು ಅಲ್ಲಿ ಬಿಟ್ಟು ಹನಿಯಾಗಿ ಕೆಳಗಿಳಿಯುತ್ತದೆ. ಕೂಲರಿನ ತಾಮ್ರದ ಕೊಳವೆಗಳಲ್ಲಿಯೂ ಇಷ್ಟೇ. ಗಾಳಿಯನ್ನು ತೆಗೆದು ಭದ್ರವಾಗಿ ಮುಚ್ಚಿದ ಕೊಳವೆಯೊಳಗೆ ಕೆಲವೇ ಹನಿ ದ್ರವ. ಪ್ರೊಸೆಸರಿನ ಬಳಿ ಅದು ಆವಿಯಾಗಿ, ಇನ್ನೊಂದು ತುದಿಯಲ್ಲಿ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ತಣಿದು, ಕೊಳವೆಯ ಒಳಮೈಯಲ್ಲಿರುವ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ೧೯೬೩ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಈ ಕೊಳವೆಯನ್ನು ಮಾಡಿ ತೋರಿಸಿದಾಗ ಅವರ ಗಮನವಿದ್ದದ್ದು ಬಾಹ್ಯಾಕಾಶದ ಕಡೆಗೆ. ಅದು ಹುಡುಗರ ಓದಿನ ಮೇಜಿಗೆ ಬಂದದ್ದು ಬಹಳ ಕಾಲದ ಮೇಲೆ.

ಕೂಲರಿನ ತಳವೂ ಪ್ರೊಸೆಸರಿನ ನೆತ್ತಿಯೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಹಳ್ಳಗಳಿರುತ್ತವೆ. ಅಲ್ಲಿ ಗಾಳಿ ಸಿಕ್ಕಿಕೊಂಡರೆ ಬಿಸಿ ದಾಟುವುದಿಲ್ಲ. ಅದಕ್ಕೆಂದೇ ಬಟಾಣಿ ಕಾಳಿನಷ್ಟು ಲೇಪ. ಹೆಚ್ಚು ಬಳಿದರೆ ಹೆಚ್ಚು ತಂಪೆಂಬುದು ಭ್ರಮೆ. ಕೂಲರಿನ ತಳಕ್ಕೆ ಕಾರ್ಖಾನೆಯಲ್ಲಿ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತು, ಯಂತ್ರ ಕಾಯುತ್ತಿದೆಯೆಂದು ಅಂಗಡಿಗೆ ಓಡಿಬರುವವರೂ ಇದ್ದಾರೆ. ಆ ದಿನ ಅಂಗಡಿಯವನು ನಗದಿದ್ದರೆ ಅದು ಅವನ ದೊಡ್ಡತನ!

ಚಿಕ್ಕ ಪೆಟ್ಟಿಗೆಯ ನಿಜವಾದ ಶತ್ರು ಉಂಡ ಗಾಳಿಯನ್ನೇ ಮತ್ತೆ ಉಣ್ಣುವುದು. ಕೂಲರಿನ ಫ್ಯಾನಿಗೂ ಪಕ್ಕದ ತೂತುಗಳ ತಗಡಿಗೂ ನಡುವೆ ಎರಡು ಬೆರಳಷ್ಟು ಸಂದಿಯಿದ್ದರೆ ಫ್ಯಾನು ಹೊರಗಿನ ತಂಪು ಗಾಳಿಯನ್ನು ಸೆಳೆಯುವ ಬದಲು, ತಾನೇ ಈಗತಾನೆ ಊದಿದ ಬಿಸಿ ಗಾಳಿಯನ್ನು ಸುತ್ತುಹಾಕಿ ಸೆಳೆಯುತ್ತದೆ. ಅನುಭವಿಗಳು ಫ್ಯಾನಿನ ಸುತ್ತ ಫೋಮಿನ ಪಟ್ಟಿಯನ್ನು ಅಂಟಿಸಿ, ತಗಡಿಗೆ ತಾಗುವಂತೆ ಮಾಡಿ, ಆ ಸಂದಿಯನ್ನು ಮುಚ್ಚಿಬಿಡುತ್ತಾರೆ. ಸಾವಿರಾರು ರೂಪಾಯಿಯ ಕೂಲರಿಗಿಂತ ಕೆಲವೊಮ್ಮೆ ಈ ಬಿಡಿಗಾಸಿನ ಪಟ್ಟಿಯೇ ಹೆಚ್ಚು ಉಪಕಾರ ಮಾಡುತ್ತದೆ. ಹೆಚ್ಚು ಫ್ಯಾನಿದ್ದಷ್ಟೂ ತಂಪೆಂದು ಎದುರುಬದುರಾಗಿ ಕೂರಿಸಿದರೆ ಅವು ಒಂದರ ಮುಖಕ್ಕೆ ಒಂದು ಊದುತ್ತ ಜಗಳವಾಡುತ್ತವೆ, ಅಷ್ಟೆ. ನೀರಿನ ತಂಪು ಬೇಕೆನ್ನುವವರಿಗೆ ಹದಿನೆಂಟು ಲೀಟರಿನ ಆಸುಪಾಸಿನ ಪೆಟ್ಟಿಗೆಗಳುಂಟು. ಹತ್ತರೊಳಗೆ ಅದರ ಗೋಜು ಬೇಡ.

ವಿದ್ಯುತ್ತನ್ನು ಒದಗಿಸುವ ಭಾಗಕ್ಕೆ ಅಂಗಡಿಯಲ್ಲಿ ‘ಎಸ್‌ಎಂಪಿಎಸ್’ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಅದರ ಕುಳ್ಳ ತಮ್ಮ, ಎಸ್‌ಎಫ್‌ಎಕ್ಸ್ ಎಂಬ ಅಳತೆಯದು: ೧೨೫ ಮಿಲಿಮೀಟರು ಅಗಲ, ೬೩.೫ ಎತ್ತರ, ೧೦೦ ಉದ್ದ. ಮುನ್ನೂರು ವ್ಯಾಟಿನ ಯಂತ್ರಕ್ಕೆ ಆರುನೂರೈವತ್ತು, ಏಳುನೂರೈವತ್ತು ವ್ಯಾಟಿನದೇಕೆ ಎಂದು ತಂದೆ ಕೇಳಬಹುದು. ಕೇಳುವುದು ನ್ಯಾಯವೇ. ಗ್ರಾಫಿಕ್ಸ್ ಕಾರ್ಡು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಕಡಮೆ ಕಾಲ ತನ್ನ ಮಿತಿಯನ್ನು ಮೀರಿ ವಿದ್ಯುತ್ತನ್ನು ಸೆಳೆಯುವುದುಂಟು. ಆ ಕ್ಷಣ ತಡೆಯಲಾರದ ಎಸ್‌ಎಂಪಿಎಸ್ ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ಜೊತೆಗೆ, ಅರ್ಧ ಹೊರೆ ಹೊತ್ತ ಎಸ್‌ಎಂಪಿಎಸ್ಸಿನ ಫ್ಯಾನು ಮೆಲ್ಲಗೆ ತಿರುಗುತ್ತದೆ. ಆದರೆ ಒಂದು ಎಚ್ಚರಿಕೆ: ಒಂದು ಎಸ್‌ಎಂಪಿಎಸ್ಸಿನ ಕೇಬಲ್ಲನ್ನು ಇನ್ನೊಂದಕ್ಕೆ ಸಿಕ್ಕಿಸಲೇಬಾರದು. ತುದಿಗಳು ಒಂದೇ ಬಗೆಯವಾಗಿ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿರುತ್ತದೆ. ಗುಂಡಿ ಒತ್ತಿದೊಡನೆ ಡ್ರೈವು ಸುಟ್ಟು, ಅದರಲ್ಲಿದ್ದ ಓದುಬರಹ, ಮನೆಯವರ ಫೋಟೋಗಳು ಎಲ್ಲವೂ ಹೋಗಬಹುದು.

ಇಕ್ಕಟ್ಟಿನಲ್ಲಿ ಅಜಾಗರೂಕತೆಗೆ ತೆರುವ ದಂಡ ಎಷ್ಟೆಂಬುದಕ್ಕೆ ಅಮೆರಿಕದ ಎನ್‌ಝೆಡ್‌ಎಕ್ಸ್‌ಟಿ ಸಂಸ್ಥೆಯ ‘ಎಚ್೧’ ಪೆಟ್ಟಿಗೆಯ ಕಥೆಯೇ ಸಾಕ್ಷಿ. ೨೦೨೦ರಲ್ಲಿ ಮಾರುಕಟ್ಟೆಗೆ ಬಂದ ಇದರಲ್ಲಿಯೂ ಟೆರಾದಲ್ಲಿರುವಂತೆ ಕಾರ್ಡಿಗೊಂದು ರೈಸರು. ಆ ರೈಸರನ್ನು ಪೆಟ್ಟಿಗೆಯ ಲೋಹಕ್ಕೆ ಬಿಗಿಯುವ ಎರಡು ಸ್ಕ್ರೂಗಳು ಅದರೊಳಗಿನ ವಿದ್ಯುತ್ ಪದರಕ್ಕೆ ತಾಗಿ ಬೆಂಕಿ ಹೊತ್ತುವ ಅಪಾಯ ಕಂಡುಬಂತು. ಸಂಸ್ಥೆ ಮೊದಲು ನೈಲಾನ್ ಸ್ಕ್ರೂಗಳನ್ನು ಕಳುಹಿಸಿಕೊಟ್ಟಿತು. ಅದು ತೇಪೆ ಹಚ್ಚುವ ಕೆಲಸವಾಯಿತೇ ಹೊರತು, ತಪ್ಪಿದ್ದುದು ರೈಸರಿನ ನಕ್ಷೆಯಲ್ಲಿಯೇ. ೨೦೨೧ರಲ್ಲಿ ಅಮೆರಿಕದಲ್ಲಿ ಮಾರಿದ್ದ ಸುಮಾರು ೩೨,೦೦೦ ಪೆಟ್ಟಿಗೆಗಳನ್ನು ಸರಿಪಡಿಸಿಕೊಡಲು ಅಲ್ಲಿಯ ಗ್ರಾಹಕ ಸುರಕ್ಷತಾ ಆಯೋಗದ ಮೂಲಕ ಅಧಿಕೃತ ಪ್ರಕಟಣೆ ಹೊರಟಿತು. ಎರಡು ಸ್ಕ್ರೂ, ಮೂವತ್ತೆರಡು ಸಾವಿರ ಮನೆ! ಹಳೆಯ ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಈಗ ಸ್ವೀಡನ್ನಿನಿಂದ ಕನ್ನಡ ನಾಡಿಗೆ ಬರಬೇಕು. ಏಕೆಂದರೆ ಪೆಟ್ಟಿಗೆ ಬಂದಂತೆ ಅಲ್ಲಿಯ ಹವೆ ಬರುವುದಿಲ್ಲ. ಫ್ಯಾನಿನಿಂದ ತಣಿಸುವ ಯಾವ ಯಂತ್ರವೂ ಕೋಣೆಯ ಗಾಳಿಗಿಂತ ತಂಪಾಗಲಾರದು. ಮೆಚ್ಚಿ ಓದುವ ಪರೀಕ್ಷಾ ವರದಿಗಳು ಬಹುಮಟ್ಟಿಗೆ ೨೦ರಿಂದ ೨೫ ಡಿಗ್ರಿಯ ಕೋಣೆಗಳಲ್ಲಿ ಸಿದ್ಧವಾದವು. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೇ ೨೦೧೬ರ ಏಪ್ರಿಲ್‌ನಲ್ಲಿ ಉಷ್ಣತೆ ೩೯.೨ ಡಿಗ್ರಿ ಮುಟ್ಟಿತ್ತು. ಕಲಬುರಗಿ, ರಾಯಚೂರುಗಳಲ್ಲಿ ನಲವತ್ತು ದಾಟುವುದು ಪ್ರತಿ ಬೇಸಿಗೆಯ ಮಾತು. ವರದಿಯಲ್ಲಿ ಪ್ರೊಸೆಸರು ೭೮ ಡಿಗ್ರಿ ತೋರಿಸಿದ್ದರೆ ಹದಿಮೂರು ಡಿಗ್ರಿ ಹೆಚ್ಚು ಬಿಸಿಯಾದ ಕೋಣೆಯಲ್ಲಿ ಅದು ತೊಂಬತ್ತರ ಮೇಲಾಗಬೇಕು. ೭೮೦೦ಎಕ್ಸ್೩ಡಿ ಪ್ರೊಸೆಸರಿನ ಮಿತಿ ೮೯ ಡಿಗ್ರಿ. ಆ ಗೆರೆ ಮುಟ್ಟಿದೊಡನೆ ಅದು ಜೀವ ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಯಂತ್ರ ಸುಡುವುದಿಲ್ಲ, ನಿಜ. ಆದರೆ ತಂದೆ ಕೈಚೀಲದಿಂದ ಎಣಿಸಿಕೊಟ್ಟದ್ದು ವೇಗಕ್ಕಾಗಿ. ಬೇಸಿಗೆಯಲ್ಲಿ ಆ ವೇಗವೇ ರಜೆ ಹಾಕುತ್ತದೆ.

ಇದಕ್ಕೊಂದು ಉಪಾಯವುಂಟು, ಅದಕ್ಕೆ ಕಾಸಿನ ಖರ್ಚಿಲ್ಲ. ಚಿಪ್ಪು ನುಂಗುವ ವಿದ್ಯುತ್ತು ಅದಕ್ಕೆ ಕೊಡುವ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೇಗವನ್ನು ಹಾಗೆಯೇ ಇರಿಸಿ ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಆ ಲೆಕ್ಕದ ವಿದ್ಯುತ್ತು ನೂರಕ್ಕೆ ಹತ್ತೊಂಬತ್ತರಷ್ಟು ಇಳಿಯುತ್ತದೆ. ತಯಾರಕರು ಎಲ್ಲ ಚಿಪ್ಪುಗಳಿಗೂ ಹೊಂದಲೆಂದು ಸ್ವಲ್ಪ ಹೆಚ್ಚಾಗಿಯೇ ವೋಲ್ಟೇಜನ್ನು ನಿಗದಿಪಡಿಸಿರುತ್ತಾರೆ. ಆ ಹೆಚ್ಚಿನದನ್ನು ತುಸುತುಸುವಾಗಿ ತಗ್ಗಿಸುತ್ತ, ಪ್ರತಿ ಸಲವೂ ಗಂಟೆ ಹೊತ್ತು ಆಡಿ ಪರೀಕ್ಷಿಸುತ್ತ ಹೋಗಬೇಕು. ಯಂತ್ರ ತೊದಲಿದರೆ ಒಂದು ಹೆಜ್ಜೆ ಹಿಂದೆ. ಗೋಪುರದವನು ಯಂತ್ರವನ್ನು ಇನ್ನಷ್ಟು ಓಡಿಸಲು ವೋಲ್ಟೇಜು ಏರಿಸುತ್ತಿದ್ದರೆ, ಪುಟ್ಟ ಪೆಟ್ಟಿಗೆಯವನು ಅದೇ ಕಿವಿಯನ್ನು ಎದುರು ದಿಕ್ಕಿಗೆ ತಿರುವುತ್ತಾನೆ.

ಮನೆಯ ಯುಪಿಎಸ್ಸಿನ ಕಡೆಗೂ ಒಮ್ಮೆ ನೋಡಬೇಕು. ೬೦೦ ವಿ.ಎ. ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡಬಲ್ಲದ್ದು ಸುಮಾರು ೩೬೦ ವ್ಯಾಟು. ಯಂತ್ರದ ಮುನ್ನೂರಕ್ಕೆ ಮಾನಿಟರು ಸೇರಿತೆಂದರೆ ಅದು ಮಿತಿಯ ಅಂಚಿಗೆ ಬರುತ್ತದೆ. ಧೂಳಿನ ಮಾತು ಹೇಳುವುದೇ ಬೇಡ. ಎರಡು ತಿಂಗಳಿಗೊಮ್ಮೆ ಬ್ಲೋಯರಿನಿಂದ ಊದಿ ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರುವುದು ಒಳ್ಳೆಯದು. ಇಲ್ಲವಾದರೆ ಅದು ಅಳತೆಮೀರಿ ತಿರುಗಿ ಬೇರಿಂಗು ಕೆಡುತ್ತದೆ.

ಎಸ್. ಪಿ. ರಸ್ತೆಯ ಆ ತಂದೆ ಮಕ್ಕಳು ಮನೆ ಸೇರಿದ ಮೇಲೆ ನಡೆಯುವುದನ್ನೂ ಊಹಿಸಬಹುದು. ಪೆಟ್ಟಿಗೆಯ ಅಂದಕ್ಕೆ ತಕ್ಕ ಜಾಗವೆಂದು ಮಗ ಅದನ್ನು ಗೋಡೆಯ ಗೂಡಿನಲ್ಲಿ ಕೂರಿಸುತ್ತಾನೆ. ಮೂರು ಕಡೆ ಗೋಡೆ, ತಲೆಯ ಮೇಲೆ ಕಲ್ಲಿನ ಹಲಗೆ. ಬೇಸಿಗೆ ಬರುತ್ತದೆ. ಆಟದ ನಡುವೆ ಚಿತ್ರ ತಡವರಿಸುತ್ತದೆ, ಫ್ಯಾನು ಕಿರುಚುತ್ತದೆ, ಮಗ ಹೊಸ ಕೂಲರಿನ ಬೆಲೆಯನ್ನು ಹುಡುಕತೊಡಗುತ್ತಾನೆ. ತಂದೆ ಬಂದು ಗೂಡಿನೊಳಗೆ ಕೈಯಿಟ್ಟು ನೋಡುತ್ತಾರೆ.

“ಇದಕ್ಕೆ ಉಸಿರಾಡೋಕೆ ಎಲ್ಲೋ ಜಾಗ ಬಿಟ್ಟಿದ್ದೀಯ?”

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಇಡುತ್ತಾರೆ. ಫ್ಯಾನಿನ ಕಿರುಚಾಟ ಮೆಲ್ಲಗೆ ಇಳಿಯುತ್ತದೆ. ತಂಗಿಯ ಪುಸ್ತಕಗಳು ಮೇಜಿನ ಒಂದು ಮೂಲೆಗೆ ಸರಿಯುತ್ತವೆ. ತೆರವಾದ ಗೂಡಿಗೆ ಸಂಜೆಯೊಳಗೆ ಅಮ್ಮನ ಹೊಲಿಗೆಯ ಪೆಟ್ಟಿಗೆ ಬಂದು ಕುಳಿತಿರುತ್ತದೆ.